ಗುಣಾಕಾರ ಬೋಧನೆ: ಅಳತೆ, ನಕ್ಷೆ, ಗ್ರಾಫ್ (ಚಿಕ್ಕಬಳ್ಳಾಪುರ ಸೀಮೆಯ ಹಿನ್ನೆಲೆಯಲ್ಲಿ)

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗುಣಾಕಾರವನ್ನು ಮಗ್ಗಿಯ ಬಾಯಿಪಾಠದಿಂದ ಮಾತ್ರವಲ್ಲದೆ ನೆಲ ಅಳೆದು, ಊರಿನ ನಕ್ಷೆ ಬರೆದು, ಚೌಕುಳಿ ಹಾಳೆಯ ಮೇಲೆ ಗ್ರಾಫ್ ಎಳೆದು ಕಲಿಸುವ ಕ್ರಮ. ಈ ಮೂರು ಕೆಲಸಗಳಲ್ಲೂ ಒಂದೇ ಪ್ರಶ್ನೆ ಎದುರಾಗುತ್ತದೆ: ಇಲ್ಲಿ 'ಒಂದು' ಎಂದರೆ ಎಷ್ಟು? ಒಂದು ಸೇರಿಗೆ ಎಷ್ಟು ಪಾವು, ನಕ್ಷೆಯ ಒಂದು ಅಂಗುಲಕ್ಕೆ ಎಷ್ಟು ಅಡಿ ನೆಲ, ಗ್ರಾಫಿನ ಒಂದು ಚೌಕಕ್ಕೆ ಎಷ್ಟು ಮಕ್ಕಳು? ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಮಗುವಿಗೆ ಗುಣಾಕಾರದ ತಿರುಳು ಸಿಕ್ಕಿದೆ ಎನ್ನಬಹುದು. ಉಳಿದದ್ದು ರೂಢಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನು ಈ ಲೇಖನ ಉದಾಹರಣೆಯಾಗಿ ಇಟ್ಟುಕೊಂಡಿದೆ. ಇದಕ್ಕೆ ಕಾರಣವಿದೆ. ರೇಷ್ಮೆ, ತರಕಾರಿ, ಹೂವು, ದ್ರಾಕ್ಷಿ, ಹಾಲುಗಳ ಈ ಸೀಮೆಯಲ್ಲಿ ದಿನ ಬೆಳಗಾದರೆ ಮನೆಮನೆಯಲ್ಲೂ ಗುಣಾಕಾರ ನಡೆಯುತ್ತದೆ. ಶಾಲೆ ಅದನ್ನು ಹೊಸದಾಗಿ ತರಬೇಕಿಲ್ಲ. ಹೊಲದಲ್ಲಿ, ಹುಳುಮನೆಯಲ್ಲಿ ಇರುವುದನ್ನು ಹಾಳೆಗೆ ಇಳಿಸಬೇಕು, ಅಷ್ಟೆ. ಆ ಇಳಿಸುವಿಕೆ ತಾನಾಗಿಯೇ ಆಗುವುದಿಲ್ಲ ಎಂಬುದು ಈ ವಿಷಯದ ಬಹುಮುಖ್ಯ ಸಂಗತಿ. ಅದನ್ನು ಮುಂದೆ ನೋಡಬಹುದು.

ಸೀಮೆ

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆ ಆಂಧ್ರಪ್ರದೇಶದ ಗಡಿಗೆ ಅಂಟಿಕೊಂಡಿದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಕೆರೆ ಮತ್ತು ಕೊಳವೆಬಾವಿಗಳೇ ಆಧಾರ. ಹಾಗಾಗಿ ಇಲ್ಲಿನ ರೈತನಿಗೆ ಎಷ್ಟು ಅಡಿ ಕೊರೆಸಿದರೆ ಎಷ್ಟು ಖರ್ಚು, ಎಷ್ಟು ಗುಂಟೆಗೆ ಎಷ್ಟು ನೀರು ಎಂಬ ಲೆಕ್ಕ ಸದಾ ತಲೆಯಲ್ಲಿರುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೇ ಹೆಸರಾದದ್ದು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ಟೊಮೆಟೊ ವಹಿವಾಟು ಜೋರು. ಗೌರಿಬಿದನೂರಿನ ಪಕ್ಕದಲ್ಲಿ ಉತ್ತರ ಪಿನಾಕಿನಿಯ ಪಾತ್ರವಿದೆ. ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಚಿಕ್ಕಬಳ್ಳಾಪುರಕ್ಕೆ ಹತ್ತಿರದ್ದು. ಅವರು ಪ್ರಾಥಮಿಕ ಶಾಲೆ ಕಲಿತದ್ದೂ ಚಿಕ್ಕಬಳ್ಳಾಪುರದಲ್ಲೇ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಜೀವನಪೂರ್ತಿ ಹೇಳಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯ (1920–2005) ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು.

ಇಲ್ಲಿನ ಅನೇಕ ಮಕ್ಕಳ ಮನೆಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಉರ್ದು ಮನೆಮಾತಿನ ಮಕ್ಕಳೂ ಸಾಕಷ್ಟಿದ್ದಾರೆ. ಶಾಲೆಯ ಮಗ್ಗಿಯನ್ನು ಮನೆಯಲ್ಲಿ ಅಜ್ಜ 'ಎಕ್ಕಾಲು' ಎಂದರೆ, ಪಕ್ಕದ ಬೀದಿಯಲ್ಲಿ ಅದು 'ಪಹಾಡೆ'. ಈ ಭಾಷಾವೈವಿಧ್ಯವನ್ನು ಗಣಿತ ಬೋಧನೆಗೆ ತೊಡಕು ಎಂದು ನೋಡುವವರುಂಟು. ಆದರೆ ಸಾಲು, ಅಳತೆ, ನಕ್ಷೆಗಳ ಮೂಲಕ ಕಲಿಸುವಾಗ ಮಾತು ಸೋತಲ್ಲಿ ಚಿತ್ರ ಕೈಹಿಡಿಯುತ್ತದೆ. ಈ ಗಡಿ ತಾಲ್ಲೂಕುಗಳಿಗೆ ಈ ಕ್ರಮ ವಿಶೇಷವಾಗಿ ಒಗ್ಗುವುದಕ್ಕೆ ಇದೂ ಒಂದು ಕಾರಣ.

ಮಗ್ಗಿ ಮತ್ತು ಅದರ ಮಿತಿ

'ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು' ಎಂದು ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಒಪ್ಪಿಸುವುದು ಒಂದು ಕಾಲದ ಮನೆಮನೆಯ ಪಾಠ. ಪೂರ್ಣಸಂಖ್ಯೆಗಳ ಮಗ್ಗಿಯ ಜತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಇತ್ತು. ಮಗ್ಗಿಯನ್ನು ಹಳೆಯ ಕಾಲದ ಗಿಳಿಪಾಠವೆಂದು ತಳ್ಳಿಹಾಕುವುದು ತಪ್ಪು. ಅದರ ಲಯ ಸ್ಮೃತಿಗೆ ಆಸರೆ. ಏಳೆಂಟ್ಲ ಐವತ್ತಾರು ಎಂದು ತಟ್ಟನೆ ನಾಲಿಗೆಗೆ ಬಂದರೆ ತಲೆ ಮುಂದಿನ ಯೋಚನೆಗೆ ಬಿಡುವಾಗುತ್ತದೆ. ಅದರ ಮಿತಿ ಬೇರೆ ಕಡೆ ಇದೆ. ಮಗ್ಗಿ ಒಂದೇ ದಿಕ್ಕಿಗೆ ನಡೆಯುವ ಸಾಲು. ಏಳೆಂಟ್ಲ ಮತ್ತು ಎಂಟೇಳ್ಲ ಅದರಲ್ಲಿ ಎರಡು ಬೇರೆ ಬೇರೆ ಮಗ್ಗಿಗಳ ಎರಡು ಬೇರೆ ಬೇರೆ ಸಾಲುಗಳು. ಅವೆರಡೂ ಏಕೆ ಒಂದೇ ಎಂಬುದನ್ನು ಮಗ್ಗಿ ಹೇಳುವುದಿಲ್ಲ. ಉದ್ದ, ಅಗಲ ಎರಡೂ ಇರುವ ಆಕೃತಿ ಬೇಕಾಗುವುದು ಅಲ್ಲಿ.

ಅಳತೆಯನ್ನೂ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡುವುದು ಕನ್ನಡ ನಾಡಿಗೆ ಹೊಸದೇನಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ಸಂಸ್ಕೃತ ಕೃತಿ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಳ ಅಳತೆಗೆ ಪ್ರತ್ಯೇಕ ಭಾಗವನ್ನೇ ಇಟ್ಟ. ವಿಸ್ತೀರ್ಣ ಕಂಡುಹಿಡಿಯಲು ಅವನು ಎರಡು ಬಗೆಯ ಸೂತ್ರ ಕೊಡುತ್ತಾನೆ: ಹೊಲದಲ್ಲಿ ಸಾಕಾಗುವ ವ್ಯಾವಹಾರಿಕ ಲೆಕ್ಕ ಒಂದು, ನಿಖರವಾದ ಸೂಕ್ಷ್ಮ ಲೆಕ್ಕ ಇನ್ನೊಂದು. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ರಚಿಸಿದ. ವ್ಯಾಪಾರಿಯ ಲೆಕ್ಕ, ಹೊಲದ ಲೆಕ್ಕ ಎಂಬ ಎರಡು ಹೆಸರುಗಳಲ್ಲೇ ಈ ಲೇಖನದ ಅರ್ಧ ವಿಷಯ ಅಡಗಿದೆ.

ಚುಕ್ಕಿ ಮತ್ತು ಸಾಲು

ಗುಣಾಕಾರವನ್ನು ಕಣ್ಣಿಗೆ ಕಾಣಿಸುವ ಅತ್ಯಂತ ಸರಳ ಸಾಧನ ಸಾಲುಜೋಡಣೆ. ಧನುರ್ಮಾಸದ ಮುಂಜಾನೆ ಬಾಗಿಲ ಮುಂದೆ ಸಾರಿಸಿ 'ಏಳು ಚುಕ್ಕಿ, ಏಳು ಸಾಲು' ಎಂದು ರಂಗೋಲಿ ಇಡುವ ಹೆಣ್ಣುಮಗಳು 49 ಚುಕ್ಕಿಗಳ ಚೌಕವನ್ನು ಒಂದು ಚುಕ್ಕಿಯೂ ತಪ್ಪದಂತೆ ಇಡುತ್ತಾಳೆ. ಅಂಗಳದ ಈ ಕಡೆ ನಿಂತರೆ ಏಳು ಸಾಲು, ಪಕ್ಕಕ್ಕೆ ಹೋಗಿ ನಿಂತರೂ ಏಳು. ಐದು ಚುಕ್ಕಿ, ಎಂಟು ಸಾಲು ಇಟ್ಟು, ಪಕ್ಕಕ್ಕೆ ತಿರುಗಿ ನಿಂತು ನೋಡಿದರೆ ಎಂಟು ಚುಕ್ಕಿ, ಐದು ಸಾಲು. ಚುಕ್ಕಿ ಕಡಿಮೆಯಾಗಲಿಲ್ಲ, ಹೆಚ್ಚಾಗಲಿಲ್ಲ. ಗುಣಾಕಾರದಲ್ಲಿ ಹಿಂದುಮುಂದಾದರೂ ಉತ್ತರ ಬದಲಾಗದು ಎಂಬ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಸಾಬೀತು ಎರಡನೆಯ ತರಗತಿಗೆ ಬೇಕಿಲ್ಲ.

ಇನ್ನೂ ಸೊಗಸಾದದ್ದು ಇಳಿಸುವ ರಂಗೋಲಿ. ನಡುವೆ 7 ಚುಕ್ಕಿ ಇಟ್ಟು, ಎರಡೂ ಕಡೆಗೆ 5, 3, 1 ಎಂದು ಇಳಿಸಿದರೆ ಒಟ್ಟು 25. ಎಣಿಸಿ ಕೂಡಿಸಬಹುದು. ಆದರೆ ಅದೇ ವಜ್ರಾಕೃತಿಯನ್ನು ಓರೆಯಾಗಿ ನೋಡಿದರೆ ಅದರೊಳಗೆ ನಾಲ್ಕು ನಾಲ್ಕರ ಒಂದು ಚೌಕ, ಅದರ ಸಂದುಗಳಲ್ಲಿ ಮೂರು ಮೂರರ ಇನ್ನೊಂದು ಚೌಕ ಕಾಣುತ್ತದೆ: 16 ಮತ್ತು 9. ಎರಡು ಬಣ್ಣದ ಪುಡಿ ಕೊಟ್ಟರೆ ಮಕ್ಕಳೇ ಇದನ್ನು ಕಂಡುಹಿಡಿಯುತ್ತಾರೆ. ಆಗ ಅವರ ಮುಖದಲ್ಲಿ ಮೂಡುವ ಬೆರಗು ಯಾವ ಪಾಠಯೋಜನೆಯಲ್ಲೂ ಬರೆದಿಡಲಾಗದ್ದು.

ಹಿಪ್ಪುನೇರಳೆ ತೋಟವೂ ಇಂಥದೇ ಜೋಡಣೆ. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 3 ಅಡಿ ಬಿಡುವುದು ಹಳೆಯ ನಾಟಿ ಕ್ರಮಗಳಲ್ಲೊಂದು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 33ರಲ್ಲಿ ಮೂರು ಅಡಿಯ ಭಾಗ 11. ಹನ್ನೊಂದು ಸಾಲು, ಸಾಲಿಗೆ ಹನ್ನೊಂದು ಗಿಡ, ಒಟ್ಟು 121. ನಲವತ್ತು ಗುಂಟೆಗೆ ಒಂದು ಎಕರೆ, ಆದ್ದರಿಂದ ಎಕರೆಗೆ 4,840 ಗಿಡ. ಇಲ್ಲೊಂದು ಗಮನಿಸಬೇಕಾದ ಮಾತು ಇದೆ. 33 ಅಡಿ ಹಗ್ಗದ ಎರಡೂ ತುದಿಗೆ ಗಿಡ ನೆಟ್ಟರೆ ಹನ್ನೆರಡು ಹಿಡಿಯುತ್ತದೆ, ಹನ್ನೊಂದಲ್ಲ. ಎಣಿಸಬೇಕಾದದ್ದು ಗಿಡವನ್ನೋ ಗಿಡಗಳ ನಡುವಿನ ಜಾಗವನ್ನೋ ಎಂಬ ಗೊಂದಲವನ್ನು ಮಕ್ಕಳು ನೆಲದ ಮೇಲೆ ಅನುಭವಿಸಿಯೇ ಬಿಡಿಸಿಕೊಳ್ಳಬೇಕು. ಈಗ ಹೆಚ್ಚಾಗಿ ಕಾಣುವ ಜೋಡಿಸಾಲು ಪದ್ಧತಿಯಲ್ಲಿ ಅಂತರಗಳು ಒಂದೇ ಸಮನಾಗಿರುವುದಿಲ್ಲ. ಐದನೆಯ ತರಗತಿಯ ಜಾಣರಿಗೆ ಅದು ತಕ್ಕ ಸವಾಲು.

ಗೌರಿಬಿದನೂರಿನ ಹತ್ತಿರ ಇನ್ನೊಂದು ದೊಡ್ಡ ಸಾಲುಜೋಡಣೆ ಇದೆ, ಅದು ಆಕಾಶ ನೋಡಲು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಒಟ್ಟಾಗಿ 1970ರ ದಶಕದಲ್ಲಿ ಸ್ಥಾಪಿಸಿದ ರೇಡಿಯೋ ದೂರದರ್ಶಕ ಇಂಗ್ಲಿಷಿನ ಟಿ ಅಕ್ಷರದ ಆಕಾರದ್ದು. ಅದರ ಪೂರ್ವ-ಪಶ್ಚಿಮ ಬಾಹುವಿನಲ್ಲಿ 640, ದಕ್ಷಿಣದ ಬಾಹುವಿನಲ್ಲಿ 360, ಒಟ್ಟು 1,000 ಆಂಟೆನಾಗಳು. 640ನ್ನು ನಾಲ್ಕು ಉದ್ದ ಸಾಲುಗಳಲ್ಲಿ ಇಟ್ಟರೆ ಸಾಲಿಗೆ ಎಷ್ಟು ಎಂಬುದು ನಾಲ್ಕನೆಯ ತರಗತಿಯ ಲೆಕ್ಕ. ಅದೇ ತಾಲ್ಲೂಕಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ 1965ರಲ್ಲಿ ಸ್ಥಾಪಿಸಿದ ಭೂಕಂಪ ಮಾಪನ ಜಾಲ ಎಲ್ ಅಕ್ಷರದ ಆಕಾರದಲ್ಲಿ ಹೊಲಗಳ ನಡುವೆ ಕಿಲೋಮೀಟರುಗಟ್ಟಲೆ ಚಾಚಿದೆ. ಗ್ರಾಫಿನ ಎರಡು ಅಕ್ಷಗಳನ್ನು ನೆಲದ ಮೇಲೆ ಎಳೆದಿಟ್ಟಂತೆ ಅದರ ರೂಪ.

ಅಳತೆ

ರಷ್ಯಾದ ಮನೋವಿಜ್ಞಾನಿ ವಿ. ವಿ. ದವೀದವ್ ರೂಪಿಸಿದ ಪಠ್ಯಕ್ರಮದಲ್ಲಿ ಗುಣಾಕಾರ ಹುಟ್ಟುವುದು ಅಳತೆಯಿಂದ. ಸಣ್ಣ ಲೋಟದಲ್ಲಿ ಡ್ರಮ್ಮಿನ ನೀರು ಅಳೆಯುವುದು ಬೇಸರದ ಕೆಲಸ. ಆದ್ದರಿಂದ ದೊಡ್ಡ ಪಾತ್ರೆಯಲ್ಲಿ ಅಳೆದು, ಆ ಪಾತ್ರೆಗೆ ಎಷ್ಟು ಲೋಟ ಎಂದು ಕಂಡುಕೊಂಡು ಗುಣಿಸುವುದು. ಮಾನ ಬದಲಾಯಿಸುವುದೇ ಗುಣಾಕಾರ ಎಂಬ ಈ ವಿಚಾರ ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಯಾವ ಸಿದ್ಧಾಂತವೂ ಇಲ್ಲದೆ ನಡೆಯುತ್ತಿತ್ತು. ನಾಲ್ಕು ಪಾವು ಒಂದು ಸೇರು. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಇಪ್ಪತ್ತು ಕೊಳಗ ಒಂದು ಖಂಡುಗ. 1956ರ ಕಾಯ್ದೆಯೊಂದಿಗೆ ಮೆಟ್ರಿಕ್ ಪದ್ಧತಿ ಬಂದು ಸೇರು ಸರಿಯಿತು. ಆದರೆ ಹೂ ಮಾರುವವರ ಕೈಯಲ್ಲಿ ಮೊಳ ಮಾರುಗಳು ಇಂದಿಗೂ ಉಳಿದಿವೆ. ಮಾರಿಗೆ ನಾಲ್ಕು ಮೊಳ, ಐದು ಮಾರು ಹೂವಿಗೆ ಎಷ್ಟು ಮೊಳ ಎಂದು ಕೇಳಿ, ಮಕ್ಕಳ ಕೈಯಿಂದಲೇ ಅಳೆಸಿದರೆ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಒಬ್ಬೊಬ್ಬರ ಮೊಳ ಒಂದೊಂದು ಉದ್ದ. ಎಲ್ಲರಿಗೂ ಒಂದೇ ಮಾನ ಏಕೆ ಬೇಕು ಎಂದು ಆಗ ಯಾರೂ ವಿವರಿಸಬೇಕಾಗುವುದಿಲ್ಲ.

'ಒಂದು ಎಂದರೆ ಎಷ್ಟು' ಎಂಬ ಪ್ರಶ್ನೆಗೆ ಶಿಡ್ಲಘಟ್ಟದಷ್ಟು ಒಳ್ಳೆಯ ಉತ್ತರ ಬೇರೆಲ್ಲೂ ಸಿಗಲಾರದು. ಅಲ್ಲಿನ ರೈತ 'ಈ ಸಲ ನೂರು ಮೊಟ್ಟೆ ಸಾಕಿದ್ದೀನಿ' ಎಂದರೆ ನೂರು ಹುಳುವಲ್ಲ. ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ 'ಒಂದು ಮೊಟ್ಟೆ' ಎಂಬ ಲೆಕ್ಕ. ಅದರಲ್ಲಿ ಸುಮಾರು 400ರಿಂದ 500 ಮೊಟ್ಟೆಗಳಿರುತ್ತವೆ. ನೂರು ಮೊಟ್ಟೆ ಎಂದರೆ 40 ರಿಂದ 50 ಸಾವಿರ ಹುಳು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಸಾಮಾನ್ಯವಾಗಿ 6 ಅಡಿ ಉದ್ದ, 4 ಅಡಿ ಅಗಲ, ಅಂದರೆ 24 ಚದರ ಅಡಿ. ಚದರ ಅಡಿಗೆ 40ರಿಂದ 50 ಹುಳುವಿನಂತೆ ಬಿಟ್ಟರೆ ಒಂದು ಚಂದ್ರಿಕೆಗೆ 960ರಿಂದ 1,200. ಸರಿಸುಮಾರು ಸಾವಿರ ಎಂದಿಟ್ಟುಕೊಂಡರೆ ಐವತ್ತು ಸಾವಿರ ಹುಳುವಿಗೆ ಐವತ್ತು ಚಂದ್ರಿಕೆ ಬೇಕು. ಹುಳುಮನೆಯಲ್ಲಿ ಅಪ್ಪ ಅಮ್ಮನ ಜತೆ ಸೊಪ್ಪು ಹಾಕಿದ ಮಗುವಿಗೆ ಈ ಸಂಖ್ಯೆಗಳು ಬರೀ ಸಂಖ್ಯೆಗಳಲ್ಲ. ಒತ್ತಾಗಿ ಬಿಟ್ಟರೆ ಜೋಡಿಗೂಡು, ಕೆಟ್ಟ ಗೂಡು ಹೆಚ್ಚುತ್ತವೆ ಎಂದು ಅದಕ್ಕೆ ಗೊತ್ತು. ವಿಸ್ತೀರ್ಣ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಮನೆಯಿಂದಲೇ ಬಂದಿರುತ್ತದೆ.

ಇನ್ನು ಗುಂಟೆ. 33 ಅಡಿಯ ಹಗ್ಗ ಹಿಡಿದು ಆಟದ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ಗುಂಟೆ ಗುರುತಿಸುವುದು ಒಂದು ತರಗತಿ ಅವಧಿಯ ಕೆಲಸ. ಈ ಲೇಖನದಲ್ಲಿ ಬರುವ ಎಲ್ಲ ಚಟುವಟಿಕೆಗಳಲ್ಲಿ ಇದೇ ಅತ್ಯಂತ ಫಲ ಕೊಡುವಂಥದ್ದು. ಹದಿನಾರು ಆಣೆಗೆ ಒಂದು ಗುಂಟೆ. ಪ್ರತಿ ಬದಿಯನ್ನು ನಾಲ್ಕು ಭಾಗ ಮಾಡಿ ಗೆರೆ ಎಳೆದರೆ 4 × 4, ಹದಿನಾರು ಆಣೆಯೂ ಕಣ್ಣ ಮುಂದೆ ಬರುತ್ತವೆ. ಬಳಿಕ ಅದೇ ಗುಂಟೆಯನ್ನು ಚೌಕುಳಿ ಹಾಳೆಗೆ ಇಳಿಸಬಹುದು, ಒಂದು ಚೌಕಕ್ಕೆ ಒಂದು ಅಡಿ. ಉದ್ದವನ್ನು 30 ಮತ್ತು 3, ಅಗಲವನ್ನೂ 30 ಮತ್ತು 3 ಎಂದು ಮುರಿದರೆ ನಾಲ್ಕು ತುಂಡು: 900, 90, 90, 9. ಕೂಡಿಸಿದರೆ 1,089 ಚದರ ಅಡಿ. ಎರಡಂಕಿಯ ಗುಣಾಕಾರವನ್ನು ಅಂಕಿಯ ಕೆಳಗೆ ಅಂಕಿ ಬರೆದು ಮಾಡುವಾಗ ಎರಡನೆಯ ಸಾಲಿನಲ್ಲಿ ಒಂದು ಸ್ಥಾನ ಬಿಟ್ಟು ಏಕೆ ಬರೆಯುತ್ತೇವೆ ಎಂದು ಕೇಳಿದ ಮಗುವಿಗೆ ಈ ನಾಲ್ಕು ತುಂಡುಗಳೇ ಉತ್ತರ.

ನಲವತ್ತು ಗುಂಟೆಯ ಎಕರೆಯನ್ನು ಚೌಕಗಳಾಗಿ ಜೋಡಿಸುವ ಆಟ ಇನ್ನೂ ಮುಂದೆ ಹೋಗುತ್ತದೆ. ನಲವತ್ತು ಬಿಲ್ಲೆಗಳನ್ನು ಕೊಟ್ಟು, ಆಯತವಾಗುವಂತೆ ಎಷ್ಟು ಬಗೆಯಲ್ಲಿ ಇಡಬಹುದು ಎಂದು ಕೇಳಬೇಕು. 5 × 8, 4 × 10, 2 × 20, 1 × 40. ಎಲ್ಲವೂ ಒಂದೇ ಎಕರೆ. ಆದರೆ ಬೇಲಿ ಹಾಕಿಸಲು ಹೊರಟರೆ ಐದು-ಎಂಟರ ಹೊಲಕ್ಕೆ 858 ಅಡಿ, ನಾಲ್ಕು-ಹತ್ತರದಕ್ಕೆ 924, ಎರಡು-ಇಪ್ಪತ್ತರದಕ್ಕೆ 1,452, ಒಂದೇ ಸಾಲಿನ ನಲವತ್ತಕ್ಕೆ 2,706 ಅಡಿ. ಅಣ್ಣತಮ್ಮಂದಿರು ಹಂಚಿಕೊಂಡು ಉದ್ದನೆಯ ಪಟ್ಟಿಗಳಾದ ಹೊಲಗಳಿಗೆ ಬೇಲಿಯ ಖರ್ಚು ಏಕೆ ಏರುತ್ತದೆ ಎಂಬುದು ಹತ್ತು ವರ್ಷದ ಮಗುವಿಗೆ ಈ ನಾಲ್ಕು ಸಂಖ್ಯೆಗಳಿಂದ ಅರ್ಥವಾಗುತ್ತದೆ. ಸುತ್ತಳತೆ ಬೇರೆ, ವಿಸ್ತೀರ್ಣ ಬೇರೆ ಎಂಬ ಭೇದವೂ ಇದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ.

ನಿಜವಾದ ಹೊಲ ಆಯತವಾಗಿರುವುದು ಅಪರೂಪ. ಎದುರುಬದುರಿನ ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಆ ಎರಡು ಸರಾಸರಿಗಳನ್ನು ಗುಣಿಸುವುದು ಹಳ್ಳಿಗಳ ಹಳೆಯ ಲೆಕ್ಕ. ಮಹಾವೀರಾಚಾರ್ಯನ ವ್ಯಾವಹಾರಿಕ ಸೂತ್ರವೂ ಇದೇ. ಈ ಲೆಕ್ಕ ಆಯತಕ್ಕೆ ಮಾತ್ರ ಸರಿ, ಉಳಿದ ನಾಲ್ಕು ಬದಿಯ ಆಕೃತಿಗಳಿಗೆ ನಿಜಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಚೌಕುಳಿ ಹಾಳೆಯ ಮೇಲೆ ಹೊಲದ ಆಕಾರ ಬರೆದು, ಒಳಗಿನ ಚೌಕಗಳನ್ನು ಎಣಿಸಿ, ಸೂತ್ರದ ಉತ್ತರದೊಂದಿಗೆ ಹೋಲಿಸಲು ಹೇಳಿದರೆ ಅಂದಾಜು ಮತ್ತು ನಿಖರತೆಗಳ ನಡುವಣ ಅಂತರ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ನಕ್ಷೆ

ನಕ್ಷೆ ಎಂದರೆ ನೆಲವನ್ನು ಭಾಗಿಸಿ ಹಾಳೆಗೆ ತರುವುದು. ನಕ್ಷೆ ಓದುವುದು ಎಂದರೆ ಮತ್ತೆ ಗುಣಿಸಿ ನೆಲಕ್ಕೆ ಹಿಂದಿರುಗುವುದು. ಈ ನಾಡಿನ ಭೂಮಾಪನಕ್ಕೆ ದೊಡ್ಡ ಇತಿಹಾಸವಿದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಸರ್ವೆ ಕೈಗೊಂಡವನು ಕಾಲಿನ್ ಮೆಕೆಂಝಿ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಎರಡೂವರೆ ಅಡಿಯ 40 ಕೊಂಡಿಗಳು ಸೇರಿ ಆ ಸರಪಳಿ ನೂರು ಅಡಿ. ಅಷ್ಟು ದೂರಕ್ಕೆ ಅದನ್ನು ಎಷ್ಟು ಸಲ ಹಾಸಬೇಕಾಯಿತು ಎಂದು ಮಕ್ಕಳನ್ನು ಕೇಳಬಹುದು. ಮೈಲಿಗೆ 5,280 ಅಡಿ ಎಂದು ಹೇಳಿಕೊಟ್ಟರೆ ಸುಮಾರು 390 ಸಲ ಎಂಬ ಉತ್ತರಕ್ಕೆ ಅವರೇ ಬಂದು ತಲಪುತ್ತಾರೆ.

ಹತ್ತಿರದ ನಕ್ಷೆ ಗ್ರಾಮ ಆಡಳಿತಾಧಿಕಾರಿಯ ಬಳಿ ಇರುತ್ತದೆ. ಕರ್ನಾಟಕದ ಗ್ರಾಮನಕ್ಷೆಗಳ ಅಳತೆ ಪ್ರಮಾಣ 1:7,920. ನಕ್ಷೆಯ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ, ಅಂದರೆ 33 ಅಡಿಯ ಇಪ್ಪತ್ತು ಸರಪಳಿ. ಹಾಗಾದರೆ ನಕ್ಷೆಯ ಒಂದು ಚದರ ಅಂಗುಲಕ್ಕೆ 20 × 20, ನಾನೂರು ಗುಂಟೆ, ಅಂದರೆ ಹತ್ತು ಎಕರೆ. ಅಂಗುಲದ ಚೌಕಗಳನ್ನು ಎಳೆದ ಪಾರದರ್ಶಕ ಹಾಳೆಯನ್ನು ನಕ್ಷೆಯ ಮೇಲಿಟ್ಟು ಊರ ಕೆರೆ ಎಷ್ಟು ಎಕರೆ, ಗುಂಡುತೋಪು ಎಷ್ಟು ಎಂದು ಹತ್ತರ ಮಗ್ಗಿಯಲ್ಲೇ ಅಂದಾಜು ಮಾಡಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ 500 ಮೀಟರ್. ಅಲ್ಲಿ ಒಂದು ಚದರ ಸೆಂಟಿಮೀಟರ್ ಎಂದರೆ 25 ಹೆಕ್ಟೇರ್.

ಉದ್ದ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ ಎಂಬುದು ದೊಡ್ಡವರಿಗೂ ಸುಲಭವಾಗಿ ಒಗ್ಗದ ಸತ್ಯ. ತರಗತಿಯ ಕೋಣೆಯ ನಕ್ಷೆಯನ್ನು ಒಮ್ಮೆ ಒಂದು ಹೆಜ್ಜೆಗೆ ಒಂದು ಚೌಕದಂತೆ, ಇನ್ನೊಮ್ಮೆ ಹೆಜ್ಜೆಗೆ ಎರಡು ಚೌಕದಂತೆ ಬರೆಸಿ ಒಳಗಿನ ಚೌಕಗಳನ್ನು ಎಣಿಸಲು ಹೇಳುವುದು ಒಳ್ಳೆಯ ದಾರಿ. ಎರಡು ಪಟ್ಟು ಬರುತ್ತದೆ ಎಂದು ಕಾದವರಿಗೆ ನಾಲ್ಕು ಪಟ್ಟು ಸಿಕ್ಕಾಗ ತರಗತಿಯಲ್ಲಿ ವಾದ ಏಳುತ್ತದೆ. ಆ ವಾದಕ್ಕೆ ಸಮಯ ಕೊಡಬೇಕು. ಪಾಠ ನಡೆಯುವುದೇ ಅಲ್ಲಿ.

ಗ್ರಾಫ್

ಚಿತ್ರಾಲೇಖ, ಸ್ತಂಭಾಲೇಖ, ಸರಳರೇಖೆಯ ಗ್ರಾಫ್ ಎಂಬ ಕ್ರಮದಲ್ಲಿ ಮಕ್ಕಳು ಮುಂದುವರಿಯುತ್ತಾರೆ. ತರಗತಿಯ ಎಂಟು ಮಕ್ಕಳ ಲೆಕ್ಕಕ್ಕೆ ಎಂಟು ಚೌಕ ಸಾಕು. ಇಡೀ ಶಾಲೆಯಲ್ಲಿ ತೆಲುಗು ಮನೆಮಾತಿನವರೆಷ್ಟು, ಕನ್ನಡದವರೆಷ್ಟು, ಉರ್ದುವಿನವರೆಷ್ಟು ಎಂದು ಬರೆಯಹೊರಟರೆ ಹಾಳೆ ಸಾಲದು. ಆಗ ಒಂದು ಚೌಕಕ್ಕೆ ಐದು ಮಕ್ಕಳೆಂದು ಇಟ್ಟುಕೊಳ್ಳಬೇಕಾಗುತ್ತದೆ. ಗುಣಾಕಾರ ಬರುವುದು ಈ ಇಕ್ಕಟ್ಟಿನಿಂದ. 43 ಮಕ್ಕಳಿಗೆ ಎಂಟು ಚೌಕ ತುಂಬಿ ಇನ್ನೂ ಮೂವರು ಉಳಿದಾಗ ಒಂಬತ್ತನೆಯ ಚೌಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಣ್ಣ ತುಂಬುವ ಮಗು ಭಿನ್ನರಾಶಿಯ ಬಾಗಿಲಲ್ಲಿ ನಿಂತಿರುತ್ತದೆ.

ಮಗ್ಗಿಯನ್ನೇ ಗ್ರಾಫ್ ಮಾಡುವುದು ಮುಂದಿನ ಹೆಜ್ಜೆ. ಟೊಮೆಟೊ ಬಾಕ್ಸಿಗೆ 15 ಕಿಲೋ ಎಂದಿಟ್ಟುಕೊಂಡರೆ ಒಂದಕ್ಕೆ 15, ಎರಡಕ್ಕೆ 30, ಮೂರಕ್ಕೆ 45. ಈ ಚುಕ್ಕಿಗಳು ನೇರ ಗೆರೆಯಲ್ಲಿ ನಿಲ್ಲುತ್ತವೆ, ಗೆರೆಯನ್ನು ಹಿಂದಕ್ಕೆ ಎಳೆದರೆ ಸೊನ್ನೆಗೇ ಬಂದು ಸೇರುತ್ತದೆ. ಪಕ್ಕದಲ್ಲೇ ಆಟೋ ಬಾಡಿಗೆಯ ಗ್ರಾಫ್ ಬರೆಸಿ ನೋಡಬೇಕು. ಕನಿಷ್ಠ ಬಾಡಿಗೆ ಇರುವುದರಿಂದ ಆ ಗೆರೆ ಸೊನ್ನೆಯಿಂದ ಹೊರಡುವುದಿಲ್ಲ. ದೂರ ಎರಡು ಪಟ್ಟಾದರೆ ಬಾಡಿಗೆ ಯಾವಾಗಲೂ ಎರಡು ಪಟ್ಟಾಗುವುದಿಲ್ಲ. ಯಾವ ಲೆಕ್ಕಕ್ಕೆ ಮಗ್ಗಿ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂದು ಗುರುತಿಸುವುದೂ ಗುಣಾಕಾರ ಕಲಿಕೆಯ ಭಾಗ. ಪಠ್ಯಪುಸ್ತಕಗಳು ಈ ಭಾಗವನ್ನು ಬಹುತೇಕ ಮರೆತಿವೆ.

ಗೆರೆ ಬಾಗುವುದನ್ನು ನೋಡಲು ರೇಷ್ಮೆಹುಳುವಿಗಿಂತ ಒಳ್ಳೆಯ ಗುರು ಇಲ್ಲ. ನಾಲ್ಕು ಜ್ವರ (ಪೊರೆ ಕಳಚುವ ಹೊತ್ತು), ಐದು ಹಂತ, ಸುಮಾರು 25 ದಿನ. ಮೊಟ್ಟೆಯೊಡೆದ ಹುಳುವಿನ ತೂಕ ಹಣ್ಣಾಗುವ ಹೊತ್ತಿಗೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚು ಖರ್ಚಾಗುವುದು ಕೊನೆಯ ಹಂತದಲ್ಲಿ. ದಿನದಿನ ಹಾಕಿದ ಸೊಪ್ಪಿನ ಸ್ತಂಭಾಲೇಖ ಬರೆದ ಮಕ್ಕಳಿಗೆ ಮೊದಲ ವಾರದ ಕಂಬಗಳು ಕಾಣುವುದೇ ಇಲ್ಲ, ಕೊನೆಯ ವಾರದವು ಹಾಳೆಯ ಮೇಲಕ್ಕೆ ಹೋಗುತ್ತವೆ. ಪ್ರಮಾಣ ಬದಲಾಯಿಸಿ ಮತ್ತೆ ಬರೆಯಬೇಕಾಗುತ್ತದೆ. ದಿನವೂ ಅಷ್ಟಷ್ಟೇ ಕೂಡಿಸುತ್ತ ಬೆಳೆಯುವುದಕ್ಕೂ, ಇದ್ದದ್ದರ ಪಟ್ಟಿನಲ್ಲಿ ಬೆಳೆಯುವುದಕ್ಕೂ ಇರುವ ವ್ಯತ್ಯಾಸ ಆ ಹಾಳೆಯಲ್ಲಿ ಉಳಿಯುತ್ತದೆ.

ಶಾಲಾ ಕಾರ್ಯಕ್ರಮಗಳು

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಗೆ ಪ್ರೇರಣೆ ಸಿಕ್ಕಿದ್ದು ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಾಲೆಯಿಂದ. ಗಡಿ ದಾಟಿದರೆ ಚಿಂತಾಮಣಿಗೆ ಅದು ದೂರವೇನಲ್ಲ. ಕಾರ್ಡುಗಳು, ಕಲಿಕಾ ಏಣಿ, ಗುಂಪುಗಳ ಮೂಲಕ ಕಲಿಯುವ ಈ ಕ್ರಮ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. 4 ಮತ್ತು 5ನೆಯ ತರಗತಿಗಳಿಗೆ ಬೆಂಗಳೂರಿನ ಅಕ್ಷರ ಫೌಂಡೇಶನ್ ಸರ್ಕಾರದೊಂದಿಗೆ ಸೇರಿ ನಡೆಸಿದ 'ಗಣಿತ ಕಲಿಕಾ ಆಂದೋಲನ' ಕಿಟ್ ಪೆಟ್ಟಿಗೆಯನ್ನು ಶಾಲೆಗಳಿಗೆ ತಲಪಿಸಿತು. ಚೌಕದ ಬಿಲ್ಲೆ, ಹತ್ತರ ಕಡ್ಡಿ, ಅಳತೆ ಟೇಪು ಮೊದಲಾದವು ಅದರಲ್ಲಿವೆ. ಕಿಟ್ ಪೆಟ್ಟಿಗೆ ಬೀರುವಿನ ಒಳಗಿದ್ದರೆ ಏನೂ ಆಗದು. ಬಿಲ್ಲೆ ಮಕ್ಕಳ ಕೈಯಲ್ಲಿದ್ದಾಗ ಮಾತ್ರ ಮೇಲೆ ಹೇಳಿದ ನಲವತ್ತು ಗುಂಟೆಯ ಆಟ ಸಾಧ್ಯ. ಎನ್‌ಸಿಇಆರ್‌ಟಿಯ 2008ರ ಐದನೆಯ ತರಗತಿಯ 'ಮ್ಯಾಥ್-ಮ್ಯಾಜಿಕ್' ಪುಸ್ತಕ ಚೌಕಗಳು, ವಿಸ್ತೀರ್ಣ, ನಕ್ಷೆ, ಪಟ್ಟಿ-ಆಲೇಖಗಳಿಗೆ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿತು.

ಇವೆಲ್ಲಕ್ಕಿಂತ ಊರಿಗೆ ಹತ್ತಿರವಾದವು ಎರಡು. ಒಂದು, ಶಾಲೆಗಳಲ್ಲಿ ನಡೆಯುವ ಮೆಟ್ರಿಕ್ ಮೇಳ ಅಥವಾ ಮಕ್ಕಳ ಸಂತೆ. ಮನೆಯ ಸೊಪ್ಪು, ತರಕಾರಿ ತಂದು ತಕ್ಕಡಿ ಹಿಡಿದು ಮಕ್ಕಳೇ ಮಾರುತ್ತಾರೆ. ಇನ್ನೊಂದು, 2022–23ರಲ್ಲಿ ರಾಜ್ಯದಾದ್ಯಂತ ನಡೆದ ಕಲಿಕಾ ಹಬ್ಬದ 'ಊರು ತಿಳಿಯೋಣ' ಎಂಬ ಭಾಗ. ಮಕ್ಕಳು ಬೀದಿ ಸುತ್ತಿ, ಹಿರಿಯರನ್ನು ಮಾತಾಡಿಸಿ, ಊರಿನ ನಕ್ಷೆ ಬರೆದರು. ಹಬ್ಬ ಮುಗಿದ ಮರುದಿನ ಆ ನಕ್ಷೆ ಗಣಿತದ ತರಗತಿಗೆ ಬಂದರೆ ಅದರ ಕೆಲಸ ಪೂರ್ಣವಾಗುತ್ತದೆ.

ತೊಡಕುಗಳು

ಅಳತೆಪಟ್ಟಿಯನ್ನು ಸೊನ್ನೆಯ ಬದಲು ಒಂದರಿಂದ ಇಟ್ಟು ಅಳೆಯುವುದು, ಚೌಕದ ಬದಲು ಗೆರೆಗಳನ್ನು ಎಣಿಸುವುದು, ಸುತ್ತಳತೆಗೆ ಗುಣಿಸಿ ವಿಸ್ತೀರ್ಣಕ್ಕೆ ಕೂಡಿಸುವುದು ಎಲ್ಲ ಕಡೆ ಕಾಣುವ ತಪ್ಪುಗಳು. ಈ ನಾಡಿಗೇ ವಿಶೇಷವಾದದ್ದು ಒಂದಿದೆ. ಪಹಣಿಯಲ್ಲಿ 2-20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ದಶಮಾಂಶ ಕಲಿತ ಮಗು ಅದನ್ನು 2.20 ಎಂದು ಓದಿಬಿಡುತ್ತದೆ. ಇಲ್ಲಿ ನಲವತ್ತಕ್ಕೆ ಒಂದು, ಅಲ್ಲಿ ನೂರಕ್ಕೆ ಒಂದು ಎಂದು ಹೇಳಿಕೊಡಬೇಕಾಗುತ್ತದೆ.

ದೊಡ್ಡ ತೊಡಕು ಬೇರೆಯೇ. ಬೀದಿಯ ಲೆಕ್ಕ ಪುಸ್ತಕಕ್ಕೆ, ಪುಸ್ತಕದ ಲೆಕ್ಕ ಬೀದಿಗೆ ತಾನಾಗಿ ಹೋಗುವುದಿಲ್ಲ. ಬ್ರೆಜಿಲ್‌ನ ರೆಸೀಫೆಯ ಬೀದಿ ವ್ಯಾಪಾರದ ಮಕ್ಕಳ ಮೇಲೆ 1985ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತ್ತು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರ ಸಂಶೋಧನೆ ಕೊಲ್ಕತ್ತ ಮತ್ತು ದೆಹಲಿಯ ಮಕ್ಕಳಲ್ಲೂ ಅದನ್ನೇ ಕಂಡಿತು. ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳು ಕಷ್ಟದ ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಬಿಡಿಸುತ್ತಾರೆ, ಅದಕ್ಕಿಂತ ಸುಲಭವಾದ ಪಠ್ಯಪುಸ್ತಕದ ಲೆಕ್ಕದಲ್ಲಿ ಎಡವುತ್ತಾರೆ. ಶಾಲೆಯಲ್ಲಷ್ಟೇ ಕಲಿತ ಮಕ್ಕಳದು ಇದಕ್ಕೆ ತದ್ವಿರುದ್ಧ. ಆದ್ದರಿಂದ ಮಕ್ಕಳ ಸಂತೆ ನಡೆಸಿದರೆ ಸಾಲದು. ಸಂತೆಯಲ್ಲಿ ಆಡಿದ ಲೆಕ್ಕವನ್ನು ಅದೇ ಸಂಜೆ ಹಾಳೆಯ ಮೇಲೆ ಚೌಕಗಳಾಗಿ, ಗೆರೆಯಾಗಿ, ಕೊನೆಗೆ ಅಂಕಿಯಾಗಿ ಬರೆಸಬೇಕು. ಪುಸ್ತಕದ ಲೆಕ್ಕವೊಂದನ್ನು ಮರುದಿನ ನೆಲದ ಮೇಲೆ ಮಾಡಿಸಬೇಕು. ಸಾಲು, ನಕ್ಷೆ, ಗ್ರಾಫ್‌ಗಳ ನಿಜವಾದ ಉಪಯೋಗ ಈ ಹೋಗಿಬರುವ ದಾರಿಯಾಗಿ.

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅಳತೆ, ನಕ್ಷೆ, ಗ್ರಾಫ್ ಮೂರನ್ನೂ ಒಟ್ಟಿಗೆ ಕೂಡಿಸುವ ಪಾಠ ಶಾಲೆಯ ಸೂರಿನ ಮೇಲೆಯೇ ಇದೆ. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಚಾವಣಿಯ ಮಳೆನೀರು ಬೆಲೆಯುಳ್ಳದ್ದು. ರಾಜ್ಯ ಸರ್ಕಾರ 'ಸುವರ್ಣ ಜಲ' ಯೋಜನೆಯಡಿ ಅನೇಕ ಗ್ರಾಮೀಣ ಶಾಲೆಗಳಲ್ಲಿ ಮಳೆನೀರು ಸಂಗ್ರಹದ ಏರ್ಪಾಡು ಮಾಡಿಸಿತ್ತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೇರ ಬದಿಯ ಡಬ್ಬಿಯೊಂದನ್ನು ಅಂಗಳದಲ್ಲಿಟ್ಟು ಪ್ರತಿ ಮಳೆಯನ್ನು ಅಳೆದು ಗ್ರಾಫ್ ಬರೆಯುವುದು, ಚಾವಣಿಯ ನಕ್ಷೆ ಎಳೆದು ವಿಸ್ತೀರ್ಣ ಕಂಡುಹಿಡಿಯುವುದು ಎರಡೂ ಮಕ್ಕಳ ಕೆಲಸ. 8 ಮೀಟರ್ ಉದ್ದ, 6 ಮೀಟರ್ ಅಗಲದ ಚಾವಣಿಗೆ 48 ಚದರ ಮೀಟರ್. ಒಂದು ಒಳ್ಳೆಯ ಮಳೆ 25 ಮಿಲಿಮೀಟರ್ ಬಿದ್ದು, ಒಂದು ಹನಿಯೂ ಪೋಲಾಗದಿದ್ದರೆ 1,200 ಲೀಟರ್. 40 ಮಕ್ಕಳಿರುವ ಶಾಲೆಯಲ್ಲಿ ತಲೆಗೆ ಎರಡು ಲೀಟರಿನಂತೆ ದಿನಕ್ಕೆ 80 ಲೀಟರ್. ಆ ಒಂದು ಮಳೆಯ ನೀರು ಹದಿನೈದು ದಿನಕ್ಕೆ ಬರುತ್ತದೆ.